ಮೈನಸ್ 21 ಡಿಗ್ರಿಯಲ್ಲಿ ಬಯಲು ಐಸ್ ಹಾಕಿ: ಮಿನಿಯಾಪೊಲಿಸ್‌ನಲ್ಲಿ ಹೊಸವರ್ಷ

ಡಿಸೆಂಬರ್ 30, 2021

ಚಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಮಿನಿಯಾಪೊಲಿಸ್‌ಗೆ ಸುಮಾರು 650 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನ ಊಟದ ಹೊತ್ತು ಮೀರುವುದರೊಳಗೆ ಮುಟ್ಟಬಹುದು. ಹೊರಟವರು ನಾನು ಮತ್ತು ಏಳನೇ ಕ್ಲಾಸಿನ ಮಗಳು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು, ರಜೆ ಸಿಗಲಿಲ್ಲ. ಒಮಿಕ್ರಾನ್ ಜೋರಾಗಿದ್ದ ದಿನಗಳವು. ಆಟಗಾರರಿಗೆ ಸೋಂಕು ತಗುಲಿ ಡಿಸೆಂಬರಿನಲ್ಲಿ ಎಷ್ಟೋ ಪಂದ್ಯಗಳು ಮುಂದೆ ಹೋಗಿದ್ದವು. ಹಾಗಾಗಿ ನಾವು ನೋಡಲು ಹೊರಟಿದ್ದ ಐಸ್ ಹಾಕಿ ಪಂದ್ಯ ನಡೆಯುತ್ತದೋ ಇಲ್ಲವೋ ಎಂಬ ಆತಂಕ ಕಾರು ಹತ್ತುವ ತನಕವೂ ಇತ್ತು.

ಆ ಪಂದ್ಯದ ಹೆಸರು ವಿಂಟರ್ ಕ್ಲಾಸಿಕ್. ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ ಒಂದೊಂದು ತಂಡ ಸೀಸನ್ನಿಗೆ 82 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ಎಲ್ಲವೂ ಸೂರಿನಡಿಯ ಅರೀನಾಗಳಲ್ಲೇ. ವರ್ಷಕ್ಕೆ ಬೆರಳೆಣಿಕೆಯಷ್ಟು ಪಂದ್ಯಗಳನ್ನು ಮಾತ್ರ ಬೇಸ್‌ಬಾಲ್ ಅಥವಾ ಫುಟ್‌ಬಾಲ್ ಮೈದಾನದಲ್ಲಿ, ಬಯಲಿನಲ್ಲಿ, ಐಸು ಹಾಸಿ ಆಡಿಸುತ್ತಾರೆ. ಅವುಗಳಲ್ಲಿ ಹೊಸವರ್ಷದ ಹೊತ್ತಿಗೆ ನಡೆಯುವುದು ವಿಂಟರ್ ಕ್ಲಾಸಿಕ್. 2008ರಲ್ಲಿ ಶುರುವಾದದ್ದು. ಈ ಸಲ ಮಿನಿಯಾಪೊಲಿಸ್‌ನ ಟಾರ್ಗೆಟ್ ಫೀಲ್ಡ್‌ನಲ್ಲಿ ಮಿನೆಸೋಟ ವೈಲ್ಡ್ ಮತ್ತು ಸೇಂಟ್ ಲೂಯಿಸ್ ಬ್ಲೂಸ್ ತಂಡಗಳ ನಡುವೆ. 2021ರ ಜನವರಿ 1ಕ್ಕೇ ನಡೆಯಬೇಕಿತ್ತು. ಕೊರೋನಾ ಕಾರಣ ಒಂದು ವರ್ಷ ಮುಂದೆ ಹೋಗಿತ್ತು.

ನಾನು ಬೆಳೆದದ್ದು ಕೊಡಗಿನ ಗೋಣಿಕೊಪ್ಪದಲ್ಲಿ. ಅಲ್ಲಿ ಹಾಕಿ ಅಂದರೆ ಹುಲ್ಲಿನ ಮೇಲಿನ ಹಾಕಿ, ಇಲ್ಲವೇ ಕೆಂಪು ಮಣ್ಣಿನ ಮೇಲಿನ ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನಮ್ಮ ಬೇಸಿಗೆ ರಜೆಯ ದೊಡ್ಡ ಸಂಭ್ರಮ. ಅದರಲ್ಲಿ ತಂಡ ಕಟ್ಟುವುದು ಮನೆತನದ ಹೆಸರಿನಲ್ಲಿ. ನಾವು ಕೊಡವರಲ್ಲ, ಆಡುವಂತಿರಲಿಲ್ಲ. ಆದರೂ ಏಪ್ರಿಲ್ ಬಿಸಿಲಿನಲ್ಲಿ ತಲೆಗೆ ಟವೆಲು ಕಟ್ಟಿಕೊಂಡು ಇಡೀ ದಿನ ಕೂತು ನೋಡುತ್ತಿದ್ದೆವು. ಸಂಜೆಗೆ ಗುಡುಗು ಮಳೆ ಬಂದರೆ ಆಡುವವರೂ ನೆನೆಯುತ್ತಿದ್ದರು, ನಾವೂ ನೆನೆಯುತ್ತಿದ್ದೆವು. ಅಮೆರಿಕಕ್ಕೆ ಬಂದ ಮೇಲೆ ಐಸ್ ಹಾಕಿ ಹಚ್ಚಿಕೊಂಡೆ. ಚಿಕಾಗೋದಲ್ಲಿ ಒಳಾಂಗಣದ ಪಂದ್ಯಗಳನ್ನು ಸಾಕಷ್ಟು ನೋಡಿದೆ. ಆಟ ಅದ್ಭುತ. ಆದರೆ ಆ ಕಟ್ಟಡದೊಳಗೆ ಜನವರಿಯೂ ಒಂದೇ, ಮೇ ತಿಂಗಳೂ ಒಂದೇ. ಆಕಾಶದ ಕೆಳಗೆ ಈ ಆಟ ಹೇಗಿರುತ್ತದೆ ಎಂದು ಒಮ್ಮೆ ನೋಡಲೇಬೇಕಿತ್ತು.

ವಿಸ್ಕಾನ್ಸಿನ್ ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಮ್ಯಾಡಿಸನ್, ಡೆಲ್ಸ್, ಓ ಕ್ಲೇರ್. ಎರಡೂ ಕಡೆ ಬಿಳಿ ಹೊಲಗಳು, ಹುಲ್ಲಿನ ಕಣಜಗಳು, ಅಲ್ಲಲ್ಲಿ ಚೀಸ್ ಅಂಗಡಿಗಳು. ಹಡ್ಸನ್ ದಾಟಿ ಸೇಂಟ್ ಕ್ರೋಯಿ ನದಿಯ ಸೇತುವೆ ಮೇಲೆ ಬಂದರೆ ಮಿನೆಸೋಟ. ಪ್ಲಿಮತ್‌ನಲ್ಲಿ ಅಕ್ಕನ ಮನೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕಡಂಬುಟ್ಟು, ಕೋಳಿ ಸಾರು ಮಾಡಿಟ್ಟಿದ್ದಳು. ಅತ್ತೆಯನ್ನು ಕಂಡದ್ದೇ ನನ್ನ ಮಗಳು ಶೂ ಬಿಚ್ಚುವುದನ್ನೂ ಮರೆತು ಒಳಗೆ ಓಡಿದಳು.

ಡಿಸೆಂಬರ್ 31

ಅಕ್ಕನ ಮಗ ಹೈಸ್ಕೂಲ್ ತಂಡದಲ್ಲಿ ಡಿಫೆನ್ಸ್ ಆಡುತ್ತಾನೆ. ಹಿತ್ತಲಲ್ಲಿ ಅವನದೇ ಒಂದು ರಿಂಕ್, ಅಂದರೆ ಐಸು ಹಾಸಿದ ಆಟದ ಅಂಗಳ, ಇದೆ. ಬೆಳಿಗ್ಗೆ ಎದ್ದು ಅಡುಗೆಮನೆ ಕಿಟಕಿಯಿಂದ ನೋಡಿದರೆ ಆಗಲೇ ಕೆಲಸಕ್ಕೆ ಇಳಿದಿದ್ದ. ಮರದ ಹಲಗೆಗಳ ಚೌಕಟ್ಟು, ಅದರೊಳಗೆ ಬಿಳಿ ಪ್ಲಾಸ್ಟಿಕ್ ಹಾಸು, ಮೇಲೆ ಐಸು. ಹಿಂದಿನ ದಿನದ ಗೀರುಗಳನ್ನು ಮುಚ್ಚಲು ನೀರು ಬಿಡುತ್ತಿದ್ದ. ಚಳಿಗಾಲದಲ್ಲಿ ಹೊರಗಿನ ನಲ್ಲಿ ಬಂದ್ ಮಾಡಿರುತ್ತಾರೆ, ಇಲ್ಲವಾದರೆ ಪೈಪ್ ಒಡೆಯುತ್ತದೆ. ಹಾಗಾಗಿ ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಕಡೆಯ ನಲ್ಲಿಯಿಂದ ಹೋಸ್ ಎಳೆದಿದ್ದ. ನೀರಿನಿಂದ ಹಬೆ ಏಳುತ್ತಿತ್ತು.

"ಬಿಸಿನೀರು ಯಾಕೋ?" ಅಂದೆ.

"ತಣ್ಣೀರು ಬಿದ್ದಲ್ಲೇ ಗಡ್ಡೆ ಕಟ್ಟುತ್ತೆ ಮಾವ. ಬಿಸಿನೀರು ಕೆಳಗಿನ ಐಸನ್ನ ಸ್ವಲ್ಪ ಕರಗಿಸಿ ಅದರ ಜೊತೆ ಕೂಡಿಕೊಳ್ಳುತ್ತೆ. ಝಾಂಬೋನಿಲೂ ಬಿಸಿನೀರೇ ಹಾಕೋದು."

ಝಾಂಬೋನಿ ಅಂದರೆ ಐಸನ್ನು ಹೆರೆದು, ತೊಳೆದು, ಮೇಲೆ ತೆಳುವಾಗಿ ಬಿಸಿನೀರು ಬಳಿಯುವ ಗಾಡಿ. ಫ್ರ್ಯಾಂಕ್ ಝಾಂಬೋನಿ ಎಂಬಾತ 1949ರಲ್ಲಿ ಬಿಸಿಲೂರು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ್ದು. ಇಲ್ಲಿ ಆ ಕೆಲಸವನ್ನು ಹುಡುಗನೊಬ್ಬ ಪೈಜಾಮದ ಮೇಲೆ ಜಾಕೆಟ್ ಹಾಕಿಕೊಂಡು ಮಾಡುತ್ತಿದ್ದ. ಹೋಸ್‌ನ ಬಾಯಿಯನ್ನು ಐಸಿಗೆ ತೀರಾ ಹತ್ತಿರ ಹಿಡಿದು, ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಒಂದು ಗೆರೆ ಮುಗಿದ ಮೇಲೆ ಮತ್ತೊಂದು. ನಿಂತರೆ ಆ ಜಾಗದಲ್ಲಿ ಗುಂಡಿಯಾಗುತ್ತದೆ. ಹತ್ತು ನಿಮಿಷದಲ್ಲಿ ಮೇಲಿನ ಪದರ ಗಟ್ಟಿಯಾಗಿ ಹೊಳೆಯತೊಡಗಿತು. ಮಿನೆಸೋಟದಲ್ಲಿ ಹಾಕಿ ಹುಟ್ಟುವುದು ಇಂಥ ಹಿತ್ತಲುಗಳಲ್ಲಿ, ಕೆರೆಗಳ ಮೇಲೆ. 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಸೋಲಿಸಿದ ಅಮೆರಿಕದ ತಂಡದ 20 ಜನರಲ್ಲಿ 12 ಮಂದಿ ಈ ಒಂದು ರಾಜ್ಯದವರು. ಕೋಚ್ ಹರ್ಬ್ ಬ್ರೂಕ್ಸ್ ಪಕ್ಕದ ಸೇಂಟ್ ಪಾಲ್‌ನವರು.

ಮಧ್ಯಾಹ್ನ ಭಾವ ನಮ್ಮನ್ನು ಡೌನ್‌ಟೌನ್‌ಗೆ ಕರೆದೊಯ್ದರು. ಮಿನಿಯಾಪೊಲಿಸ್‌ನಲ್ಲಿ ಸ್ಕೈವೇ ಎಂಬ ವ್ಯವಸ್ಥೆ ಇದೆ. ಕಟ್ಟಡದಿಂದ ಕಟ್ಟಡಕ್ಕೆ ರಸ್ತೆಯ ಮೇಲೆ ಗಾಜಿನ ಸೇತುವೆಗಳು. ಎಲ್ಲಾ ಸೇರಿದರೆ ಸುಮಾರು 15 ಕಿಲೋಮೀಟರ್, 80 ಬ್ಲಾಕುಗಳು. ಬರೀ ಅಂಗಿಯಲ್ಲಿ ಇಡೀ ಡೌನ್‌ಟೌನ್ ಸುತ್ತಬಹುದು. ಊಟದ ಅಂಗಡಿ, ಬ್ಯಾಂಕು, ಕ್ಷೌರದಂಗಡಿ, ಎಲ್ಲವೂ ಒಳಗೇ. ಹೊರಗೆ ಕಾಲಿಡದಿರಲು ಇಷ್ಟು ಖರ್ಚು ಮಾಡಿದ ಊರಿನ ಜನ, ನಾಳೆ ರಾತ್ರಿ ಮೂರು ಗಂಟೆ ಕಾಲ ಬಯಲಲ್ಲಿ ಕೂರಲು ಟಿಕೆಟ್ ತಗೊಂಡಿದ್ದಾರೆ. ಇದಕ್ಕೆ ಕಾರಣ ಏನಿರಬಹುದು ಎಂದು ನಾನು ಆ ಗಾಜಿನ ಸೇತುವೆ ಮೇಲೆ ನಿಂತು ಯೋಚಿಸುತ್ತಿದ್ದೆ.

ಟಾರ್ಗೆಟ್ ಫೀಲ್ಡ್ ಬೇಸ್‌ಬಾಲ್ ತಂಡ ಟ್ವಿನ್ಸ್‌ನ ಮನೆ. 2010ರಲ್ಲಿ ತೆರೆದದ್ದು, ಮೇಲೆ ಸೂರಿಲ್ಲ. ಒಳಗೆ ಬಿಡಲಿಲ್ಲ, ಹೊರಗೆ ಒಂದು ಸುತ್ತು ಹಾಕಿದೆವು. ಒಳಗೆ ರಿಂಕ್ ಹೇಗೆ ಕಟ್ಟುತ್ತಾರೆ ಎಂದು ಭಾವ ದಾರಿಯುದ್ದಕ್ಕೂ ವಿವರಿಸಿದರು. ಅವರು ಮೆಕ್ಯಾನಿಕಲ್ ಎಂಜಿನಿಯರ್, ಈ ವಿಷಯ ಬಂದರೆ ನಿಲ್ಲಿಸುವವರಲ್ಲ. ಲೀಗ್‌ನ ಹತ್ತಿರ 53 ಅಡಿ ಉದ್ದದ ಟ್ರಕ್ಕಿನಲ್ಲಿ ಕೂರಿಸಿದ ಒಂದು ಕೂಲಿಂಗ್ ಯಂತ್ರ ಇದೆ, 300 ಟನ್ ಸಾಮರ್ಥ್ಯದ್ದು. ಮೈದಾನದ ಮೇಲೆ ಮೊದಲು ಸಮತಟ್ಟಾದ ವೇದಿಕೆ ಹಾಕುತ್ತಾರೆ. ಅದರ ಮೇಲೆ ಅಲ್ಯೂಮಿನಿಯಂ ಹಲಗೆಗಳು. ಅವುಗಳೊಳಗೆ ತಣ್ಣಗಿನ ಗ್ಲೈಕಾಲ್ ದ್ರವ ಹರಿಯುತ್ತಿರುತ್ತದೆ. ಮೇಲೆ ನೀರನ್ನು ಮಂಜಿನಷ್ಟು ತೆಳುವಾಗಿ ಚಿಮುಕಿಸುತ್ತಾ, ಪದರದ ಮೇಲೆ ಪದರ ಕಟ್ಟುತ್ತಾ ಎರಡು ಇಂಚು ಐಸು ಬೆಳೆಸುತ್ತಾರೆ. ಸುಮಾರು 75,000 ಲೀಟರ್ ನೀರು ಬೇಕು. ಒಟ್ಟು ಅಳತೆ 200 ಅಡಿ ಉದ್ದ, 85 ಅಡಿ ಅಗಲ.

"ಈ ಸಲ ಒಂದು ವಿಚಿತ್ರ ನೋಡು," ಅಂದರು ಭಾವ. "ಆ ಟ್ರಕ್ ನಾಳೆ ಐಸನ್ನ ತಣ್ಣಗೆ ಮಾಡೋದಲ್ಲ, ಬೆಚ್ಚಗೆ ಮಾಡಬೇಕು."

ನನಗೆ ಮೊದಲು ಅರ್ಥವಾಗಲಿಲ್ಲ. ಆಟಕ್ಕೆ ಐಸು ಮೈನಸ್ 5, ಮೈನಸ್ 6 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಅದಕ್ಕಿಂತ ಬಿಸಿಯಾದರೆ ಮೆತ್ತಗಾಗುತ್ತದೆ, ಸ್ಕೇಟು ಹೂತುಹೋಗುತ್ತದೆ. ಅದಕ್ಕಿಂತ ತೀರಾ ತಣ್ಣಗಾದರೆ ಗಡುಸಾಗಿ, ಸ್ಕೇಟು ತಿರುಗಿಸಿದ ಕಡೆ ಹಪ್ಪಳದ ಹಾಗೆ ಚೂರುಚೂರಾಗಿ ಏಳುತ್ತದೆ. ಆಟಗಾರನ ಕಾಲು ಸಿಕ್ಕಿಬಿದ್ದರೆ ಮಂಡಿಯೇ ಹೋಯಿತು. ಮರುದಿನ ಸಂಜೆಗೆ ಮೈನಸ್ 20ರ ಆಸುಪಾಸು ಎಂದು ಹವಾಮಾನದವರು ಹೇಳಿದ್ದರು. ಹಾಗಾಗಿ ಅದೇ ಪೈಪುಗಳಲ್ಲಿ ಬೆಚ್ಚಗಿನ ದ್ರವ ಹರಿಸಿ ಐಸನ್ನು ಕಾಪಾಡಬೇಕು. ಇದಕ್ಕೆ ತದ್ವಿರುದ್ಧವಾದದ್ದು ಅದೇ ವರ್ಷದ ಫೆಬ್ರವರಿಯಲ್ಲಿ ಲೇಕ್ ಟಾಹೋ ದಂಡೆಯ ಬಯಲು ಪಂದ್ಯದಲ್ಲಿ ಆಗಿತ್ತು. ಮೊದಲ ಪೀರಿಯಡ್ (ಆಟದ ಮೂರು ಭಾಗಗಳಲ್ಲಿ ಮೊದಲನೆಯದು) ಮುಗಿಯುವಷ್ಟರಲ್ಲಿ ಬಿಸಿಲಿಗೆ ಐಸು ಕರಗಿ ಗುಂಡಿ ಬಿದ್ದು, ಎಂಟು ಗಂಟೆ ಕಾದು ರಾತ್ರಿ ಮುಂದುವರಿಸಿದರು. 1991ರಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಅಂಗಳದಲ್ಲಿ ಆಡಿಸಿದ ಪ್ರದರ್ಶನ ಪಂದ್ಯದಲ್ಲಂತೂ 29 ಡಿಗ್ರಿ ಬಿಸಿ, ದೀಪಕ್ಕೆ ಬಂದ ಮಿಡತೆಗಳು ಐಸಿನ ಮೇಲೆ ಬಿದ್ದಿದ್ದವು.

ರಾತ್ರಿ ಅಕ್ಕ ಪುಳಿಯೋಗರೆ, ವಡೆ ಮಾಡಿದ್ದಳು. ಹೊಸವರ್ಷಕ್ಕೆ ಕಾಯುತ್ತಾ ಭಾವ ಹಳೆಯ ಕಥೆ ತೆಗೆದರು. 1954ರ ಫೆಬ್ರವರಿ 2ರಂದು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಮಿಶಿಗನ್‌ನ ಮಾರ್ಕ್ವೆಟ್ ಊರಿನ ಜೈಲಿಗೆ ಹೋಗಿ, ಅಂಗಳದಲ್ಲಿ ಮಾಡಿದ ರಿಂಕ್‌ನಲ್ಲಿ ಕೈದಿಗಳ ಜೊತೆ ಆಡಿತ್ತು. ಆ ಕಾಲದ ದೊಡ್ಡ ಆಟಗಾರ ಗೋರ್ಡಿ ಹೋವ್ ಕೂಡ ಇದ್ದರು. ಮೊದಲ ಪೀರಿಯಡ್ ಮುಗಿದಾಗ 18–0. ಆಮೇಲೆ ಲೆಕ್ಕ ಇಡುವುದನ್ನು ಬಿಟ್ಟು ಸುಮ್ನೆ ಆಡಿದರಂತೆ. ನನ್ನ ಮಗಳಿಗೆ ಈ ಕಥೆ ಬಹಳ ಹಿಡಿಸಿತು. ಕೈದಿಗಳಿಗೆ ಸ್ಕೇಟು ಎಲ್ಲಿಂದ ಬಂತು, ಗೋಲಿ (ಗೋಲ್‌ಕೀಪರ್) ಯಾರು ಎಂದೆಲ್ಲಾ ಕೇಳಿದಳು.

ಜನವರಿ 1, 2022

ಬಟ್ಟೆ ಹಾಕಿಕೊಳ್ಳುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕ ನನ್ನ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಒಂದೊಂದಾಗಿ ಹಾಕಿದಳು. ಮೈಗಂಟಿದ ಉಣ್ಣೆ ಬನಿಯನ್ನು, ಅದರ ಮೇಲೆ ಫ್ಲೀಸು, ಅದರ ಮೇಲೆ ಸ್ವೆಟರು, ಕೊನೆಗೆ ಮಂಡಿ ಮುಟ್ಟುವ ಜಾಕೆಟ್ಟು. ಕಾಲುಚೀಲ ಎರಡೇ ಜೊತೆ. ಮೂರು ಹಾಕಿದರೆ ಬೂಟು ಬಿಗಿಯಾಗಿ ರಕ್ತ ಓಡುವುದಿಲ್ಲ, ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಕೈಗೆ ಐದು ಬೆರಳಿನ ಗವಸಲ್ಲ, ಬೆರಳುಗಳೆಲ್ಲಾ ಒಟ್ಟಿಗೆ ಇರುವ ಮಿಟನ್ನು. ಅದರೊಳಗೆ ಹ್ಯಾಂಡ್ ವಾರ್ಮರ್ ಪೊಟ್ಟಣ. ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಗಾಳಿ ತಗುಲಿದರೆ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ಕೊನೆಗೆ ಭಾವ ಗ್ಯಾರೇಜಿನಿಂದ ರಟ್ಟಿನ ಡಬ್ಬವೊಂದನ್ನು ತಂದು ನಾಲ್ಕು ತುಂಡು ಕತ್ತರಿಸಿದರು. ಕಾಂಕ್ರೀಟಿನ ಮೇಲೆ ಇದನ್ನು ಹಾಕಿ ಅದರ ಮೇಲೆ ಕಾಲಿಡಬೇಕು. ಚಳಿ ಹತ್ತುವುದು ಕೆಳಗಿಂದ.

ಅಕ್ಕ ಬರಲಿಲ್ಲ. "ಟಿವಿಲಿ ನಿಮಗಿಂತ ಚೆನ್ನಾಗಿ ಕಾಣುತ್ತೆ ನಂಗೆ," ಅಂದಳು. ಅದೂ ನಿಜವೇ.

ನಾಲ್ಕೂಮುಕ್ಕಾಲಿಗೆ ಸೂರ್ಯ ಮುಳುಗಿತ್ತು. ನಾವು ಪಾರ್ಕಿಂಗಿನಿಂದ ಹೊರಬರುವಾಗ ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಗಟ್ಟಿಯಾಯಿತು. ಸುತ್ತ ಹಸಿರು ಜೆರ್ಸಿಯನ್ನು ಜಾಕೆಟ್ಟಿನ ಮೇಲೆ ಎಳೆದುಕೊಂಡ ಜನ. ಯಾರ ಮುಖವೂ ಕಾಣುವುದಿಲ್ಲ, ಕಣ್ಣು ಮಾತ್ರ. ಬ್ಲೂಸ್ ತಂಡದವರು ಸ್ಟೇಡಿಯಮ್ಮಿಗೆ ಚಡ್ಡಿ, ಹೂವಿನ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಬೀಚಿಗೆ ಹೋಗುವ ವೇಷದಲ್ಲಿ ಬಂದಿಳಿದ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ವೈಲ್ಡ್ ಅಭಿಮಾನಿಗಳೂ ಅದನ್ನು ನೋಡಿ ಮೆಚ್ಚಿಕೊಳ್ಳುತ್ತಿದ್ದರು. ಚಳಿಗೆ ಹೆದರುವುದಿಲ್ಲ ಎಂದು ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆ ದಾರಿ ಇರಲಿಲ್ಲ.

ಮೆಟ್ಟಿಲು ಹತ್ತಿ ನಮ್ಮ ಅಂತಸ್ತಿನ ಬಾಯಿಗೆ ಬಂದು ಕೆಳಗೆ ನೋಡಿದಾಗ ನಾನು ನಿಂತುಬಿಟ್ಟೆ. ಬೇಸ್‌ಬಾಲ್ ಮೈದಾನದ ನಡುವೆ ದೊಡ್ಡ ರಿಂಕ್, ಬೆಳಕಿನಲ್ಲಿ ಹೊಳೆಯುತ್ತಿತ್ತು. ಅದರ ಸುತ್ತ ಬಿಳಿ ನೆಲದಲ್ಲಿ ಸಣ್ಣ ಸಣ್ಣ ಕೊಳಗಳು. ಆ ಕೊಳಗಳ ಮೇಲೆ ಊರಿನ ಮಕ್ಕಳು ತಮ್ಮ ಪಾಡಿಗೆ ತಾವು ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಳ್ಳುತ್ತಾ ಆಡುತ್ತಿದ್ದರು. ಸೋದರಳಿಯ ತೋಳು ಹಿಡಿದು ತೋರಿಸಿದ: "ಅಲ್ಲಿ ನೋಡಿ ಮಾವ, ನಮ್ಮ ಹಿತ್ತಲು." ಮಿನೆಸೋಟದ ಕೆರೆಗಳನ್ನು ಮೈದಾನದೊಳಗೆ ತಂದಿಟ್ಟಿದ್ದರು. 1875ರ ಮಾರ್ಚ್ 3ರಂದು ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ ಮೊದಲ ಒಳಾಂಗಣ ಪಂದ್ಯ ನಡೆಯುವ ಮುಂಚೆ ಈ ಆಟ ಇದ್ದದ್ದೇ ಹೀಗೆ. ಕೆರೆ ಹೆಪ್ಪುಗಟ್ಟಿದರೆ ಆಟ, ಕರಗಿದರೆ ಇಲ್ಲ.

ಆಟ ಶುರುವಾದಾಗ ತಾಪಮಾನ ಮೈನಸ್ 20.9 ಡಿಗ್ರಿ ಸೆಲ್ಸಿಯಸ್. ಎನ್‌ಎಚ್‌ಎಲ್‌ನ ಬಯಲು ಪಂದ್ಯಗಳಲ್ಲೇ ಅತಿ ಹೆಚ್ಚು ಚಳಿ. ಅದಕ್ಕೂ ಮುಂಚಿನ ದಾಖಲೆ 2003ರ ನವೆಂಬರ್ 22ರಂದು ಎಡ್ಮಂಟನ್‌ನಲ್ಲಿ ನಡೆದ ಹೆರಿಟೇಜ್ ಕ್ಲಾಸಿಕ್‌ನದು, ಮೈನಸ್ 18. ಲೀಗ್‌ನ ಅಧಿಕೃತ ಪಂದ್ಯವೊಂದು ಬಯಲಲ್ಲಿ ನಡೆದದ್ದು ಅದೇ ಮೊದಲು. 57,167 ಜನ ಸೇರಿದ್ದರು. ಮಾಂಟ್ರಿಯಲ್‌ನ ಗೋಲಿ ಜೋಸೆ ಥಿಯೋಡೋರ್ ಮಾಸ್ಕಿನ ಮೇಲೆ ಉಣ್ಣೆ ಟೋಪಿ ಹಾಕಿಕೊಂಡು ಆಡಿದ ಚಿತ್ರವನ್ನು ಹಾಕಿ ಬಲ್ಲವರೆಲ್ಲಾ ನೋಡಿರುತ್ತಾರೆ. ಅವತ್ತು ಮಾಂಟ್ರಿಯಲ್ 4–3ರಲ್ಲಿ ಗೆದ್ದಿತ್ತು.

ಮೇಲಿನ ಅಂತಸ್ತಿನಿಂದ ಪಕ್ ಕಾಣುವುದು ಕಷ್ಟ. ಅರೀನಾದಲ್ಲಾದರೆ ಅತಿ ಹಿಂದಿನ ಸಾಲೂ ಐಸಿನ ತಲೆಯ ಮೇಲೇ ಇರುತ್ತದೆ. ಇಲ್ಲಿ ರಿಂಕ್ ದೂರ. ಮೊದಲ ಐದು ನಿಮಿಷ ಕಣ್ಣು ತಡಕಾಡಿತು. ಆಮೇಲೆ ಪಕ್ ಹುಡುಕುವುದು ಬಿಟ್ಟೆ, ಆಟಗಾರರನ್ನು ನೋಡಿದೆ. ಆಗ ಇಡೀ ಆಟದ ಓಟ ಕಾಣತೊಡಗಿತು. ಹತ್ತು ಜನ ಒಟ್ಟಿಗೆ ಒಂದು ಕಡೆ ವಾಲುವುದು, ತಟ್ಟನೆ ತಿರುಗುವುದು, ಮುಕ್ಕಾಲು ನಿಮಿಷಕ್ಕೊಮ್ಮೆ ಬೆಂಚಿನಿಂದ ಹೊಸಬರು ಹಾರಿ ಬರುವುದು. ಇನ್ನೊಂದು ಸಂಗತಿಯನ್ನು ನಾನು ಅಲ್ಲೇ ಗಮನಿಸಿದ್ದು. ಆಟಗಾರ ಕೋಲು ಬೀಸಿದ್ದು ಮೊದಲು ಕಾಣುತ್ತದೆ, 'ಟಕ್' ಎಂಬ ಸದ್ದು ಆಮೇಲೆ ಬರುತ್ತದೆ. ನೂರು ಮೀಟರಿನಷ್ಟು ದೂರ, ಶಬ್ದಕ್ಕೆ ಆ ದಾರಿಗೆ ಮೂರನೇ ಒಂದು ಸೆಕೆಂಡು ಬೇಕು. ಒಳಾಂಗಣದಲ್ಲಿ ಸೂರಿಗೆ ಬಡಿದು ಎಲ್ಲ ಸದ್ದೂ ಕಲಸಿಹೋಗುತ್ತದೆ. ಇಲ್ಲಿ ಒಂದೊಂದು ಸದ್ದೂ ಬಿಡಿಬಿಡಿ. ಸ್ಕೇಟಿನ ಅಂಚು ಐಸನ್ನು ಕೊಯ್ಯುವುದು, ಪಕ್ ಹಲಗೆಗೆ ಬಡಿಯುವುದು, ಗೋಲಿ ಕೂಗುವುದು. ಮೇಲೆ ಮುಚ್ಚಿಗೆ ಇಲ್ಲದ್ದರಿಂದ ಉಳಿದ ಸದ್ದೆಲ್ಲಾ ಆಕಾಶಕ್ಕೆ ಹೋಗಿಬಿಡುತ್ತದೆ.

ಬ್ಲೂಸ್‌ನ ಡೇವಿಡ್ ಪೆರಾನ್ ಮೊದಲ ಗೋಲು ಹೊಡೆದರು. ವೈಲ್ಡ್‌ನ ಕಿರಿಲ್ ಕಪ್ರಿಜೋವ್ ಸಮ ಮಾಡಿದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಚಪ್ಪಾಳೆ ಕೇಳಿಸಲಿಲ್ಲ! ಎಲ್ಲರ ಕೈಯಲ್ಲೂ ಮಿಟನ್ನು. ಡಬಡಬ ಎಂಬ ಮಂದ ಸದ್ದು, ಜೊತೆಗೆ ಬೂಟುಗಳನ್ನು ಕಾಂಕ್ರೀಟಿಗೆ ಬಡಿಯುವ ಗುಡುಗು. 38,619 ಜನರ ಬಾಯಿಂದ ಹೊರಟ ಹಬೆ ದೀಪದ ಬೆಳಕಿನಲ್ಲಿ ಮೇಲೇರಿತು. ಆ ಒಂದು ನೋಟಕ್ಕೇ ನಾನು ಇನ್ನೊಮ್ಮೆ 650 ಕಿಲೋಮೀಟರ್ ಬರಲು ಸಿದ್ಧ.

ಎರಡನೇ ಪೀರಿಯಡ್ ಮಿನೆಸೋಟದವರಿಗೆ ಕೆಟ್ಟದಾಗಿತ್ತು. ಬ್ಲೂಸ್ ಐದು ಗೋಲು ಹೊಡೆದರು. ಜೋರ್ಡನ್ ಕೈರೂ ಎಂಬ 23ರ ಹುಡುಗ ಐಸಿನ ಮೇಲೆ ಎಲ್ಲರಿಗಿಂತ ವೇಗವಾಗಿದ್ದ. ಆ ರಾತ್ರಿ ಅವನ ಲೆಕ್ಕ ಎರಡು ಗೋಲು, ಎರಡು ಅಸಿಸ್ಟ್ (ಬೇರೆಯವರ ಗೋಲಿಗೆ ನೆರವು), ಒಂದೊಂದಕ್ಕೂ ಒಂದು ಪಾಯಿಂಟ್. ವಿಂಟರ್ ಕ್ಲಾಸಿಕ್‌ನಲ್ಲಿ ಅದುವರೆಗೆ ಯಾರೂ ನಾಲ್ಕು ಪಾಯಿಂಟ್ ಮಾಡಿರಲಿಲ್ಲ. 6–2 ಆದಾಗ ಅರೀನಾದಲ್ಲಾದರೆ ಮನೆ ತಂಡದ ಜನ ಪಾರ್ಕಿಂಗ್ ಕಡೆ ನಡೆಯುತ್ತಾರೆ. ಇಲ್ಲಿ ಕೆಲವರು ಬೆಚ್ಚಗಾಗಲು ಒಳಗೆ ಹೋದರು, ಬಹಳ ಜನ ಮತ್ತೆ ಬಂದು ಕೂತರು.

ಬಿಡುವಿನಲ್ಲಿ ನಮ್ಮ ಮುಂದಿನ ಸಾಲಿನ ವಯಸ್ಸಾದ ಹೆಂಗಸು ಹಿಂದೆ ತಿರುಗಿ ನನ್ನ ಮಗಳಿಗೆ ಒಂದು ಜೊತೆ ಹ್ಯಾಂಡ್ ವಾರ್ಮರ್ ಕೊಟ್ಟರು. "ಬೂಟಿನೊಳಗೆ ಹಾಕಿಕೋ, ಕಾಲ್ಬೆರಳ ಮೇಲೆ, ಅಡಿಗಲ್ಲ," ಎಂದು ಹೇಳಿಕೊಟ್ಟರು. ಅವರ ಗಂಡ ಕಪ್ಪಿನಲ್ಲಿದ್ದ ಬಿಯರನ್ನು ಬೋರಲು ಹಾಕಿ ತೋರಿಸಿದರು. ಬೀಳಲಿಲ್ಲ, ಅರ್ಧ ಐಸಾಗಿತ್ತು. ಸಾಲಿನಲ್ಲಿದ್ದ ಅಪರಿಚಿತರೆಲ್ಲಾ ಆಗಲೇ ಮಾತಿಗಿಳಿದಿದ್ದರು. ಯಾರ ಥರ್ಮಾಸಿನಿಂದಲೋ ಬಿಸಿ ಸೂಪ್ ಬಂತು, ನಮ್ಮ ಫ್ಲಾಸ್ಕಿನ ಫಿಲ್ಟರ್ ಕಾಫಿ ಆ ಕಡೆ ಹೋಯಿತು. ಒಳಾಂಗಣ ಪಂದ್ಯಗಳಲ್ಲಿ ನನ್ನ ಪಕ್ಕದವರು ಯಾರು ಎಂದು ನಾನು ತಿರುಗಿ ನೋಡಿದ್ದೇ ಕಡಿಮೆ.

ಸ್ಕೈವೇ ಮೇಲೆ ನಿಂತು ಕೇಳಿಕೊಂಡ ಪ್ರಶ್ನೆಗೆ ಉತ್ತರ ಅಲ್ಲೇ ಹೊಳೆಯಿತು. ಅರೀನಾದಲ್ಲಿ ಚಳಿ ಇರುವುದು ಐಸಿನ ಮೇಲೆ ಮಾತ್ರ. ನಾವು ಆರಾಮ ಕುರ್ಚಿಯಲ್ಲಿ ಕೂತು, ಬೇರೆಯವರು ಪಡುವ ಕಷ್ಟವನ್ನು ನೋಡುತ್ತೇವೆ. ಬಯಲಿನಲ್ಲಿ ಹಾಗಲ್ಲ. ಕೋಟಿಗಟ್ಟಲೆ ಸಂಬಳದ ಆಟಗಾರನ ಕೆನ್ನೆಗೂ, ನನ್ನ ಮಗಳ ಕೆನ್ನೆಗೂ ಬೀಸುವುದು ಒಂದೇ ಗಾಳಿ. ಆಟ ಮುಗಿಯುವ ತನಕ ಕೂತವರೆಲ್ಲಾ ಏನೋ ಒಂದನ್ನು ತಾವೂ ಮಾಡಿದ್ದೇವೆ ಎಂಬ ಹೆಮ್ಮೆಯಲ್ಲಿ ಎದ್ದುಹೋಗುತ್ತಾರೆ. ಟಿವಿಯಲ್ಲಿ ಪಕ್ ಎಷ್ಟೇ ಚೆನ್ನಾಗಿ ಕಂಡರೂ ಇದು ಸಿಗುವುದಿಲ್ಲ, ಅಲ್ವಾ?

ಮೂರನೇ ಪೀರಿಯಡ್‌ನಲ್ಲಿ ವೈಲ್ಡ್ ಎರಡು ಗೋಲು ಹೊಡೆದು 6–4 ಮಾಡಿತು. ಕೊನೆಯ ನಿಮಿಷಗಳಲ್ಲಿ ಕೂತವರು ಯಾರೂ ಇರಲಿಲ್ಲ. ಸೋದರಳಿಯನ ಕಣ್ಣರೆಪ್ಪೆಯ ಮೇಲೆ ಬಿಳಿ ಮಂಜು ಕಟ್ಟಿತ್ತು. ಅವನ ಗಂಟಲು ಹೋಗಿತ್ತು. ಅಷ್ಟರಲ್ಲಿ ಸೈರನ್ ಆಯಿತು. ಬ್ಲೂಸ್ ಗೆದ್ದರು. ಎರಡೂ ತಂಡದವರು ಕೈ ಕುಲುಕಿದಾಗ ಮಿನೆಸೋಟದ ಜನ ಗೆದ್ದವರಿಗೂ ಸೋತವರಿಗೂ ಒಟ್ಟಿಗೇ ಬೂಟು ಬಡಿದರು.

ಜನವರಿ 2

ಬೆಳಿಗ್ಗೆ ಮನೆ ಹತ್ತಿರದ ಮೆಡಿಸಿನ್ ಲೇಕ್‌ಗೆ ಹೋದೆವು. ಚಳಿ ಹಿಂದಿನ ರಾತ್ರಿಗಿಂತ ಕಡಿಮೆ ಏನಿರಲಿಲ್ಲ. ಆದರೆ ಬಿಸಿಲಿತ್ತು. ಕೆರೆಯ ಮೇಲೆ ಮೀನು ಹಿಡಿಯುವವರ ಸಣ್ಣ ಗುಡಾರಗಳು. ದಂಡೆಯ ಹತ್ತಿರ ಯಾರೋ ಹಿಮ ಗುಡಿಸಿ ಒಂದು ರಿಂಕ್ ಮಾಡಿದ್ದರು. ಎರಡು ಜೊತೆ ಬೂಟು ಇಟ್ಟರೆ ಅದೇ ಗೋಲುಪೆಟ್ಟಿಗೆ. ಹೊಸ, ತಿಳಿಯಾದ ಐಸು ನಾಲ್ಕು ಇಂಚು ಇದ್ದರೆ ಮಾತ್ರ ನಡೆಯಬೇಕು ಎಂಬುದು ಇಲ್ಲಿನ ಮಕ್ಕಳಿಗೆಲ್ಲಾ ಬಾಯಿಪಾಠ. ಸೋದರಳಿಯ ಮೊದಲು ಮೀನುಗಾರನೊಬ್ಬನ ತೂತಿನ ಹತ್ತಿರ ಹೋಗಿ ದಪ್ಪ ಎಷ್ಟಿದೆ ಎಂದು ನೋಡಿಬಂದ. ಆಮೇಲೇ ನನ್ನ ಮಗಳನ್ನು ಕರೆದ.

ಅಲ್ಲಿದ್ದ ಏಳೆಂಟು ಮಕ್ಕಳು ಇವರಿಬ್ಬರನ್ನು ಒಂದೊಂದು ಕಡೆಗೆ ಹಂಚಿಕೊಂಡರು. ಹೆಸರು ಕೂಡ ಕೇಳಲಿಲ್ಲ. ರೆಫ್ರಿ ಇಲ್ಲ, ಗೋಲಿ ಇಲ್ಲ, ಪಕ್ ಎತ್ತರಕ್ಕೆ ಹಾರಿಸುವಂತಿಲ್ಲ ಎಂಬುದೊಂದೇ ನಿಯಮ. ಪಕ್ ಹಿಮದ ರಾಶಿಯೊಳಗೆ ಹೋದರೆ ಎಲ್ಲರೂ ಮಂಡಿಯೂರಿ ಹುಡುಕುವುದು. ಟಾರ್ಗೆಟ್ ಫೀಲ್ಡ್‌ನ ಕೊಳಗಳಲ್ಲಿ ನೋಡಿದ್ದನ್ನೇ ಇಲ್ಲಿ ಟಿಕೆಟ್ ಇಲ್ಲದೆ ನೋಡಿದೆವು.

ಭಾವ ದಂಡೆಯಲ್ಲಿ ನಿಂತು ಒಂದು ಮಾತು ಹೇಳಿದರು. ಅದು ಮನಸ್ಸಿನಲ್ಲಿ ಉಳಿಯಿತು. ಮಿನೆಸೋಟದ ಕೆರೆಗಳು ಹೆಪ್ಪುಗಟ್ಟಿರುವ ಕಾಲ ಕಳೆದ 50 ವರ್ಷದಲ್ಲಿ ಸರಾಸರಿ 10ರಿಂದ 14 ದಿನ ಕಡಿಮೆಯಾಗಿದೆ ಎಂದು ರಾಜ್ಯದ ನಿಸರ್ಗ ಸಂಪನ್ಮೂಲ ಇಲಾಖೆಯ ಲೆಕ್ಕ. "ನಾನು ಇಲ್ಲಿಗೆ ಬಂದ ಹೊಸದರಲ್ಲಿ ನವೆಂಬರ್ ಕೊನೇಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಗ್ತಿದ್ದಹಾಗೇ ಹುಡುಗರು ಸ್ಕೇಟು ಹುಡುಕ್ತಿದ್ರು. ಈಗ ಕ್ರಿಸ್‌ಮಸ್ ತನಕ ಕಾಯ್ತಾರೆ," ಅಂದರು. ಲೀಗ್ ಬೇಕಾದರೆ ಟ್ರಕ್ಕು ತಂದು ಎಲ್ಲಾದರೂ ಐಸು ಹಾಸಬಹುದು. 2014ರಲ್ಲಿ ಲಾಸ್ ಏಂಜಲಿಸ್‌ನ ಡಾಜರ್ ಸ್ಟೇಡಿಯಮ್ಮಿನಲ್ಲೇ ಹಾಸಿದ್ದಾರೆ. ಆದರೆ ಕೆರೆಗೆ ಟ್ರಕ್ಕು ತರುವವರು ಯಾರು?

ಹೋಗಬೇಕು ಎನ್ನುವವರಿಗೆ ಒಂದೆರಡು ಮಾತು. ವಿಂಟರ್ ಕ್ಲಾಸಿಕ್ ಅಲ್ಲದೆ, ಕೆನಡಾದ ಊರುಗಳಲ್ಲಿ ಹೆರಿಟೇಜ್ ಕ್ಲಾಸಿಕ್ ನಡೆಯುತ್ತದೆ. 2014ರಿಂದ ಸ್ಟೇಡಿಯಂ ಸೀರೀಸ್ ಎಂಬ ಹೆಸರಿನಲ್ಲೂ ಬಯಲು ಪಂದ್ಯಗಳಿವೆ. ಆಯ್ಕೆ ಇದ್ದರೆ ಚಳಿ ಊರಿನ ಪಂದ್ಯಕ್ಕೇ ಹೋಗಿ, ಹಿಮ ಬೀಳುವ ಸಂಭವ ಇದ್ದರೆ ಇನ್ನೂ ಒಳ್ಳೆಯದು. 2008ರಲ್ಲಿ ಬಫೆಲೋದಲ್ಲಿ 71,217 ಜನರ ಮುಂದೆ ಹಿಮ ಸುರಿಯುವಾಗ ಸಿಡ್ನಿ ಕ್ರಾಸ್ಬಿ ಶೂಟೌಟ್‌ನಲ್ಲಿ ಗೆಲುವಿನ ಗೋಲು ಹೊಡೆದದ್ದು, 2014ರಲ್ಲಿ ಆನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಮ್ಮಿನಲ್ಲಿ 1,05,491 ಜನ ಹಿಮದಲ್ಲಿ ಕೂತದ್ದು, ಇವೇ ಇಂದಿಗೂ ಜನ ನೆನೆಸುವ ಪಂದ್ಯಗಳು. ಸೀಟು ಮೇಲಿನ ಅಂತಸ್ತಿನದೇ ತಗೊಳ್ಳಿ. ನೆಲದ ಹತ್ತಿರದ ಸೀಟಿಗೆ ದುಡ್ಡು ಜಾಸ್ತಿ, ಆದರೆ ರಿಂಕ್‌ನ ಹಲಗೆ ಅಡ್ಡ ಬರುತ್ತದೆ, ಆಚೆ ಬದಿ ಕಾಣುವುದೇ ಇಲ್ಲ. ಫೋನನ್ನು ಒಳ ಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ, ಹೊರಗಿಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ. ರಟ್ಟಿನ ತುಂಡು ಮರೆಯಬೇಡಿ. ಪಕ್ಕದವರಿಗೂ ಎರಡು ತುಂಡು ಜಾಸ್ತಿ ತಗೊಂಡು ಹೋಗಿ.

ಹನ್ನೊಂದೂವರೆಗೆ ನಾವು ಹೊರಡಬೇಕಿತ್ತು. ಕೆರೆಯಿಂದ ಮಗಳನ್ನು ಕರೆದರೆ, ಅವಳ ತಂಡ ಒಂದು ಗೋಲು ಹಿಂದಿದೆ, ಸಮ ಮಾಡಿ ಬರುತ್ತೇನೆ ಅಂದಳು. ಸಮವಾದ ಮೇಲೆ, ಗೆಲ್ಲುವ ಗೋಲು ಹೊಡೆದು ಬರುತ್ತೇನೆ ಅಂದಳು. ಹೊರಟಾಗ ಒಂದು ಗಂಟೆ.